ಎರಡು ಸೆಂಟಿಮೀಟರಿನ ಪಾಠ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಗಣಿತವನ್ನೂ ಭೌತಶಾಸ್ತ್ರವನ್ನೂ ಹೇಳಿಕೊಟ್ಟವನು ನಾನು. "ಮೊದಲು ಅಳೆಯಿರಿ, ಆಮೇಲೆ ಬರೆಯಿರಿ" ಎಂಬುದು ನನ್ನ ತರಗತಿಯ ಖಾಯಂ ಮಾತಾಗಿತ್ತು. ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆ ಅರ್ಧ ಅಂಕದ ಸಿಟ್ಟನ್ನು ಇನ್ನೂ ಇಟ್ಟುಕೊಂಡವರು ಕೆಲವರಾದರೂ ಇದ್ದೀರಿ ಎಂದು ಬಲ್ಲೆ. ಅಂಥವರಿಗೆ ಇಂದಿನ ಬರಹದಿಂದ ಸ್ವಲ್ಪ ಸಮಾಧಾನವಾಗಬಹುದು. ಏಕೆಂದರೆ ಅಳತೆಯ ಮೇಷ್ಟರು 2023ರಲ್ಲಿ ಎರಡು ಸೆಂಟಿಮೀಟರಿನ ಲೆಕ್ಕದಲ್ಲಿ ನಪಾಸಾದ ಕಥೆ ಇದು.

ಅಳಿಯಂದಿರದು ವರ್ಗಾವಣೆಯ ನೌಕರಿಯಾದ್ದರಿಂದ ನನ್ನ ಮೊಮ್ಮಗ ಎಂಟನೆಯ ತರಗತಿಯಿಂದಲೂ ಭೀಮಸಮುದ್ರದ ನಮ್ಮ ಮನೆಯಲ್ಲಿಯೇ ಬೆಳೆದ ಹುಡುಗ. ಆ ವರ್ಷ ಅವನು ದ್ವಿತೀಯ ಪಿ.ಯು.ಸಿ. ಮುಗಿಸಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೇರುವವನಿದ್ದ. ಒಳ್ಳೆಯ ಅಂಕ ಬಂದರೆ ಏನಾದರೂ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೈಗಡಿಯಾರವನ್ನೋ ಮೊಬೈಲನ್ನೋ ಕೇಳಬಹುದೆಂದು ನನ್ನ ಎಣಿಕೆ. ಅವನು ಕೇಳಿದ್ದು ಆಟದ ಕಂಪ್ಯೂಟರನ್ನು! ಅದೂ ಚಿಕ್ಕದು.

"ಓದುವ ಹುಡುಗನಿಗೆ ಆಟದ ಯಂತ್ರವೇಕೆ?" ಎಂದು ನಮ್ಮ ಮನೆಯವರು ಮುಖ ಗಂಟಿಕ್ಕಿದರು. ನನಗೂ ಹಾಗೆಯೇ ಅನಿಸಿತ್ತು. ಆದರೆ ನಾವೇನು ಕಡಿಮೆ ಆಡಿದವರೇ? ಚೌಕಾಬಾರ, ಆಡು-ಹುಲಿ, ಬೇಸಿಗೆ ರಜೆಯ ಚಿನ್ನಿದಾಂಡು... ಕೆರೆ ಏರಿಯ ಮೇಲೆ ಕತ್ತಲಾಗುವವರೆಗೂ ಆಡಿ ಅಪ್ಪನ ಕೈಯಲ್ಲಿ ಏಟು ತಿಂದ ನೆನಪು ನನಗಿದೆ. ಹಣ ಕಟ್ಟಿ ಆಡುವ ಆಟವಲ್ಲವಷ್ಟೇ ಎಂದು ಕೇಳಿದೆ. ಅಲ್ಲವೆಂದ. ಕಾರು ಓಡಿಸುವುದು, ಚೆಂಡಾಟ, ಕೋಟೆ ಕಟ್ಟುವುದು, ಇಂಥವು. (ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್ ತಿಂಗಳಿನಲ್ಲಿ ಅಂಗೀಕರಿಸಿತು. ಆದರೆ ಆ ಭೇದವನ್ನು ಮನೆಯ ಹಿರಿಯರು ಕಾಯಿದೆಗೆ ಮೊದಲೇ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.)

"ಹಾಗಾದರೆ ಲ್ಯಾಪ್‌ಟಾಪ್ ಸಾಲದೇ?" ಎಂದೆ. ಅದಕ್ಕೆ ಅವನು ಕೊಟ್ಟ ಉತ್ತರ ನನಗೆ ಮೆಚ್ಚುಗೆಯಾಯಿತು. ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಚಿಪ್ಪನ್ನು ಸಾಮಾನ್ಯವಾಗಿ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ನಾಲ್ಕು ವರ್ಷದ ಮೇಲೆ ಅದು ಹಳತಾದರೆ ಇಡೀ ಯಂತ್ರವನ್ನೇ ಬದಲಿಸಬೇಕು. ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಸವೆದದ್ದನ್ನು ಮಾತ್ರ ಬದಲಿಸಿದರೆ ಸಾಕು. ಇನ್ನು ಚಿಕ್ಕದೇಕೆ ಎಂದರೆ, ಅವನು ಪ್ರತಿ ಶನಿವಾರ ಬಸ್ಸು ಹತ್ತಿ ಊರಿಗೆ ಬರುವವನು. ಪೆಟ್ಟಿಗೆ ಬೆನ್ನಿನ ಚೀಲದಲ್ಲಿ ಹಿಡಿಸಬೇಕು. ಅಲ್ಲಿ ಕೋಣೆಯಲ್ಲಿ ಗೆಳೆಯನ ಹಳೆಯ ಮಾನಿಟರ್ ಇದೆ, ಇಲ್ಲಿ ನಮ್ಮ ಟಿ.ವಿ. ಇದೆ. ಪೆಟ್ಟಿಗೆಯೊಂದು ಓಡಾಡಿದರೆ ಸಾಕು.

ಠೇವಣಿಯೊಂದು ಕೈಗೆ ಬಂದಿತ್ತು. ಎಂಬತ್ತು ಸಾವಿರ ರೂಪಾಯಿ ಎಂದು ಮಿತಿ ಹಾಕಿದೆ. ಅಂದಿನಿಂದ ಹದಿನೈದು ದಿನ ರಾತ್ರಿ ಊಟವಾದ ಮೇಲೆ ನಮ್ಮಿಬ್ಬರದು ಒಂದು ಪುಟ್ಟ ಶಾಲೆ. ಈ ಸಲ ಅವನು ಮೇಷ್ಟರು, ನಾನು ವಿದ್ಯಾರ್ಥಿ.

ಈ ಜನ ಕಂಪ್ಯೂಟರಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ ಎಂಬುದೇ ನನಗೆ ಮೊದಲ ವಿಸ್ಮಯ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು. ಏಳನೆಯ ತರಗತಿಯ ಘನಫಲವೇ ತಾನೇ! ಕಛೇರಿಗಳಲ್ಲಿ ಮೇಜಿನ ಕೆಳಗೆ ನಿಲ್ಲಿಸುವ ದೊಡ್ಡ ಕ್ಯಾಬಿನೆಟ್ಟುಗಳು ನಲವತ್ತು ಲೀಟರಿಗೂ ಮೇಲೆ ಹೋಗುತ್ತವೆ. ಇಪ್ಪತ್ತು ಲೀಟರಿನ ಒಳಗಿದ್ದರೆ ಅದನ್ನು ಚಿಕ್ಕದೆಂದು ಲೆಕ್ಕಿಸುವುದು ರೂಢಿ. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದ್ದರಿಂದ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುತ್ತೇವಲ್ಲ, ಅದು ಸರಿಯಾಗಿ ಇಪ್ಪತ್ತು ಲೀಟರು. ಮೊಮ್ಮಗ ಆರಿಸಿದ ಕ್ಯಾಬಿನೆಟ್ಟು 30 ಸೆಂ.ಮೀ. ಉದ್ದ, 22 ಎತ್ತರ, 17 ಅಗಲ. ಹನ್ನೊಂದು ಲೀಟರಿಗೆ ತುಸು ಹೆಚ್ಚು. ಅಂದರೆ ನೀರಿನ ಕ್ಯಾನಿನ ಅರ್ಧದಷ್ಟು ಜಾಗದಲ್ಲಿ ಇಡೀ ಕಂಪ್ಯೂಟರು ಕುಳಿತುಕೊಳ್ಳಬೇಕು.

ಎಲ್ಲಕ್ಕೂ ತಳಹದಿ ಮದರ್‌ಬೋರ್ಡು. ಸಾಮಾನ್ಯ ಎಟಿಎಕ್ಸ್ ಹಲಗೆಯ ಅಳತೆ 30.5 ಸೆಂ.ಮೀ. ಉದ್ದ, 24.4 ಅಗಲ. 1995ರಲ್ಲಿ ಇಂಟೆಲ್ ಕಂಪೆನಿ ಗೊತ್ತುಮಾಡಿದ್ದು. ಚಿಕ್ಕ ಪೆಟ್ಟಿಗೆಗಳಿಗೆ ಬಳಸುವ ಮಿನಿ ಐಟಿಎಕ್ಸ್ ಹಲಗೆ 2001ರಲ್ಲಿ ತೈವಾನಿನ ವಿಯಾ ಕಂಪೆನಿ ತಂದದ್ದು; 17 ಸೆಂ.ಮೀ. ಬದಿಯ ಚೌಕ. ವಿಸ್ತೀರ್ಣ 289 ಚದರ ಸೆಂಟಿಮೀಟರು, ದೊಡ್ಡದರ ಐದನೆಯ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಲಗೆ ಚಿಕ್ಕದಾದರೆ ಬೆಲೆಯೂ ಕಡಿಮೆಯಿರಬೇಕೆಂದು ನಾನು ತಿಳಿದಿದ್ದೆ. ತದ್ವಿರುದ್ಧ! ಅಷ್ಟೇ ಕೆಲಸವನ್ನು ಕಡಿಮೆ ಜಾಗದಲ್ಲಿ ಮಾಡಿಸುವುದಕ್ಕೆ ಹೆಚ್ಚು ಹಣ. ಅಲ್ಲದೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಥಾನ, ಮೆಮೊರಿ ಪಟ್ಟಿಗಳಿಗೆ ಎರಡೇ ಸ್ಥಾನ. ದೊಡ್ಡ ಹಲಗೆಯಲ್ಲಿ ಸಾಮಾನ್ಯವಾಗಿ ನಾಲ್ಕಿರುತ್ತವೆ. ಎಂಟು ಜಿಬಿಯ ಎರಡು ಪಟ್ಟಿ ಹಾಕಿದರೆ ಜೋಡೆತ್ತಿನಂತೆ ಒಟ್ಟಿಗೆ ದುಡಿಯುತ್ತವೆ, ವೇಗ ಹೆಚ್ಚು. ಆದರೆ ಮುಂದೆ ಹೆಚ್ಚಿಸಬೇಕೆಂದರೆ ಎರಡನ್ನೂ ತೆಗೆದು ಹೊಸ ಜೋಡಿ ತರಬೇಕು. ಹದಿನಾರರ ಒಂದೇ ಪಟ್ಟಿ ಹಾಕಿದರೆ ಇನ್ನೊಂದು ಸ್ಥಾನ ಖಾಲಿ ಉಳಿಯುತ್ತದೆ. ಆದರೆ ಅಲ್ಲಿಯವರೆಗೆ ಒಂಟೆತ್ತಿನ ಗಾಡಿ. ಅವನು ಜೋಡಿಯನ್ನೇ ಆರಿಸಿದ.

ಪ್ರೊಸೆಸರಿಗೂ ಇಂಥದೇ ಒಂದು ತೂಗಾಟ. ಎಎಂಡಿ ಕಂಪೆನಿ 2022ರ ಸೆಪ್ಟೆಂಬರಿನಲ್ಲಿ ಹೊಸ ಬಗೆಯ ಕೂಡು, ಎಎಂ5 ಎಂಬುದನ್ನು ತಂದಿತ್ತು. ಅದಕ್ಕೆ ಹೊಸ ಬಗೆಯ ಮೆಮೊರಿಯೇ ಬೇಕು. ಹಳೆಯದಾದ ಎಎಂ4ರಲ್ಲಿ ರೈಜನ್ 5 5600 ಎಂಬುದು ಅಗ್ಗಕ್ಕೆ ಸಿಗುತ್ತಿತ್ತು, 65 ವ್ಯಾಟ್ ವರ್ಗದ್ದು, ಬೇಗ ಬಿಸಿಯಾಗದು. ಹೊಸ ಕೂಡು ತೆಗೆದುಕೊಂಡರೆ ಮುಂದೆ ಬಹಳ ಕಾಲ ಪ್ರೊಸೆಸರನ್ನು ಬದಲಿಸುತ್ತ ಹೋಗಬಹುದು. ಹಳೆಯದು ತೆಗೆದುಕೊಂಡರೆ ಇಂದು ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಆಟಕ್ಕೆ ಮುಖ್ಯವಾದದ್ದು ಕಾರ್ಡು. ಅಲ್ಲದೆ ಎಎಂ4ರಲ್ಲಿಯೂ ಮುಂದೊಂದು ದಿನ ಇನ್ನೂ ಚುರುಕಾದ ಪ್ರೊಸೆಸರನ್ನು ಅದೇ ಹಲಗೆಯಲ್ಲಿ ಕೂರಿಸಲು ಅವಕಾಶವಿದೆ. ಹೀಗಾಗಿ ಹಳೆಯದೇ ಇರಲಿ ಎಂದಾಯಿತು.

ವಿದ್ಯುತ್ ಪೂರೈಸುವ ಡಬ್ಬಿಯ ಲೆಕ್ಕ ನನಗೆ ಬಹಳ ರುಚಿಸಿತು. ಸಾಮಾನ್ಯ ಡಬ್ಬಿ ಸುಮಾರು 15, 14, 8.6 ಸೆಂಟಿಮೀಟರಿನದು, ಅಂದರೆ 1.8 ಲೀಟರು. ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಡಬ್ಬಿ 12.5, 10, 6.35, ಕೇವಲ 0.8 ಲೀಟರು. ಇಲ್ಲಿ ಅಗ್ಗದ್ದನ್ನು ಹುಡುಕಬಾರದು ಎಂದು ನಾನೇ ಹೇಳಿದೆ. ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಚಾಲೂ ಆದಾಗ ದೀಪಗಳು ಮಂಕಾಗುವುದನ್ನು ಕಂಡವರಿಗೆ ಈ ಡಬ್ಬಿಯ ಬೆಲೆ ತಿಳಿಯುತ್ತದೆ.

ಜುಲೈ ತಿಂಗಳಿನಲ್ಲಿ ಒಂದು ದಿನ ನಸುಕಿಗೇ ಎದ್ದು ಚಿತ್ರದುರ್ಗಕ್ಕೆ ಬಂದು ಬೆಂಗಳೂರಿನ ಬಸ್ಸು ಹಿಡಿದೆವು. ಇನ್ನೂರು ಕಿಲೋಮೀಟರು. ಪುರಭವನದ ಬಳಿಯ ಎಸ್.ಪಿ. ರಸ್ತೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಂದು ಅಂಗಡಿಯಲ್ಲಿ ತಂತಿ, ಪಕ್ಕದ್ದರಲ್ಲಿ ಫ್ಯಾನು, ಮೆಟ್ಟಿಲು ಹತ್ತಿದರೆ ಮದರ್‌ಬೋರ್ಡು, ಇಳಿದರೆ ಹಳೆಯ ಮಾನಿಟರುಗಳ ರಾಶಿ. ನಮ್ಮ ಅಡಿಕೆ ಮಂಡಿಗಳಲ್ಲಿ ಚೇಣಿದಾರರು ಕೂಗಾಡುವ ಸುಗ್ಗಿಯ ದಿನಗಳು ನೆನಪಾದವು. ಮೊಮ್ಮಗ ಪಟ್ಟಿ ಹಿಡಿದು ಒಂದೊಂದೇ ಕೊಂಡ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು ಒಂದೇ.

ಅವನ ಪಟ್ಟಿಯಲ್ಲಿದ್ದದ್ದು ಎನ್ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 4060. ಹಿಂದಿನ ತಿಂಗಳ ಕೊನೆಯಲ್ಲಿ ತಾನೇ ಮಾರುಕಟ್ಟೆಗೆ ಬಂದಿತ್ತು. ಅಂಗಡಿಯವರು ಅದನ್ನು ತೋರಿಸಿ, ಪಕ್ಕದಲ್ಲಿಯೇ ಹಿಂದಿನ ತಲೆಮಾರಿನ 3060 ಅನ್ನೂ ಇಟ್ಟರು. ಮೂರು ಫ್ಯಾನುಗಳ ಗಟ್ಟಿಮುಟ್ಟಾದ ಕಾರ್ಡು. "ನೋಡಿ ಸಾರ್, ಅದರಲ್ಲಿ ಮೆಮೊರಿ ಎಂಟು ಜಿಬಿ, ಇದರಲ್ಲಿ ಹನ್ನೆರಡು. ಫ್ಯಾನೂ ಒಂದು ಜಾಸ್ತಿ. ಬೆಲೆ ಮೂರು ಸಾವಿರ ಕಮ್ಮಿ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಚ್ಚು ಮೆಮೊರಿ, ಹೆಚ್ಚು ಗಾಳಿ, ಕಡಿಮೆ ಹಣ. ಇದಕ್ಕಿಂತ ಸರಳ ಲೆಕ್ಕ ಯಾವುದಿದೆ? "ಇದೇ ಇರಲಿ" ಎಂದೆ.

ಮೊಮ್ಮಗ ಕಾರ್ಡನ್ನು ತಿರುಗಿಸಿ ನೋಡಿದ. "ತಾತ, ಉದ್ದ ಸ್ವಲ್ಪ..." ಎಂದು ಬಾಯಿ ತೆರೆದ. ನಾನು ಆಗಲೇ ಹಣ ಎಣಿಸುತ್ತಿದ್ದೆ. ನನ್ನ ಮುಖ ನೋಡಿ ಸುಮ್ಮನಾದ.

ರಾತ್ರಿ ಮನೆಗೆ ಬಂದು, ಬೆಳಗಾಗುವುದನ್ನೂ ಕಾಯದೆ ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ ಜೋಡಣೆಗೆ ಕುಳಿತೆವು. ಆ ಕ್ಯಾಬಿನೆಟ್ಟಿನ ರಚನೆ ಬಲು ಜಾಣತನದ್ದು. ಮದರ್‌ಬೋರ್ಡು ಒಂದು ಬದಿಗೆ, ಗ್ರಾಫಿಕ್ಸ್ ಕಾರ್ಡು ಅದರ ಬೆನ್ನಿಗೆ, ಎರಡನ್ನೂ ಸೇರಿಸಲು ಮಡಚಿದ ಪಟ್ಟಿಯಂಥ ಕೇಬಲ್ಲು. ದೊಡ್ಡ ಕಂಪ್ಯೂಟರುಗಳಲ್ಲಿ ಪ್ರೊಸೆಸರಿನ ಮೇಲೆ ಗೋಪುರದಂತೆ ನಿಲ್ಲುವ ಹದಿನೈದು ಸೆಂಟಿಮೀಟರಿನ ಶೀತಕಕ್ಕೆ ಇಲ್ಲಿ ಜಾಗವಿಲ್ಲ. ಅದಕ್ಕೆಂದೇ ಕುಳ್ಳನೆಯ ಶೀತಕ ತಂದಿದ್ದೆವು. ಎಲ್ಲವೂ ತಂತಮ್ಮ ಸ್ಥಾನದಲ್ಲಿ ಕುಳಿತವು. ಕೊನೆಗೆ ಕಾರ್ಡು. ಒಳಗಿನ ಜಾಗ 27 ಸೆಂಟಿಮೀಟರು. ಕಾರ್ಡಿನ ಉದ್ದ 29.

ಓರೆ ಮಾಡಿದೆವು, ತಿರುಗಿಸಿದೆವು. ಎರಡು ಸೆಂಟಿಮೀಟರು ಎಲ್ಲಿಗೆ ಹೋದೀತು? ನನ್ನ ಮೇಜಿನ ಖಾನೆಯಲ್ಲಿ ಶಾಲೆಯ ಕಾಲದ ಮರದ ಅಳತೆಪಟ್ಟಿ ಇತ್ತು. ಅದನ್ನು ಬೆಂಗಳೂರಿಗೆ ಒಯ್ಯಬೇಕೆಂದು ನನಗೆ ತೋಚಿರಲಿಲ್ಲ.

"ನಿನಗೆ ಗೊತ್ತಿತ್ತೇನೋ?" ಎಂದೆ. ಅವನು ತಲೆ ತಗ್ಗಿಸಿ, "ಗೊತ್ತಿತ್ತು ತಾತ. ನೀವು ಬೇಜಾರು ಮಾಡಿಕೊಳ್ತೀರಿ ಅಂತ..." ಎಂದ.

ಆ ರಾತ್ರಿ ಮಗಳಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ, "ಅಪ್ಪಾಜಿ, ಆ ಬೋರ್‌ವೆಲ್ ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು? 2001ನೆಯ ಇಸವಿ. ಅವಳ ಪಿ.ಯು.ಸಿ. ಮುಗಿದಿತ್ತು. ಸರ್ಕಾರಿ ಹೈಸ್ಕೂಲುಗಳಿಗೂ ಕಂಪ್ಯೂಟರು ಕಾಲಿಡುತ್ತಿದ್ದ ದಿನಗಳು. 'ಮಾಹಿತಿ ಸಿಂಧು' ಎಂಬ ಯೋಜನೆಯ ಹೆಸರು ನನ್ನ ವಯಸ್ಸಿನ ಶಿಕ್ಷಕರಿಗೆಲ್ಲ ನೆನಪಿರುತ್ತದೆ. ಮಗಳು ದಾವಣಗೆರೆಯಲ್ಲಿ ಕಂಪ್ಯೂಟರ್ ಓದುತ್ತೇನೆ, ಮನೆಗೊಂದು ಕಂಪ್ಯೂಟರು ಕೊಡಿಸಿ ಎಂದು ಕೇಳಿದ್ದಳು. ನನ್ನ ಬಳಿ ಮೂವತ್ತು ಸಾವಿರ ರೂಪಾಯಿ ಇತ್ತು. ತೋಟ ಒಣಗುತ್ತಿತ್ತು. ಅಡಿಕೆ ಮರ ಒಮ್ಮೆ ಒಣಗಿದರೆ ಮತ್ತೆ ಬೆಳೆಸಲು ವರ್ಷಗಳೇ ಬೇಕು. "ಮೊದಲು ನೀರು, ಆಮೇಲೆ ಕಂಪ್ಯೂಟರು" ಎಂದೆ. ಅವಳು ಎದುರಾಡಲಿಲ್ಲ. ಬೋರ್ ಕೊರೆಸಿದೆ. ಧೂಳು ಹಾರಿತೇ ಹೊರತು ಹನಿ ನೀರು ಬರಲಿಲ್ಲ. ಅವಳು ಬಿ.ಎ. ಸೇರಿದಳು. 2004ರಲ್ಲಿ ಮದುವೆಯಾಯಿತು.

"ಆ ಜಾಗದ ಪಕ್ಕದಲ್ಲೇ ಅದಕ್ಕೆ ಮುಂಚೆ ಎರಡು ಬೋರು ವಿಫಲವಾಗಿದ್ದವು ಅಪ್ಪಾಜಿ. ಬದುವಿನ ಆಚೆಯ ತೋಟದವರು ಅಮ್ಮನ ಹತ್ತಿರ ಹೇಳುವಾಗ ನಾನು ಕೇಳಿಸಿಕೊಂಡಿದ್ದೆ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ಕಂಪ್ಯೂಟರಿನ ಆಸೆಗೆ ಹೀಗೆ ಹೇಳ್ತಾಳೆ ಅಂದುಕೊಂಡುಬಿಡ್ತೀರೇನೋ ಅಂತ." ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮ ಮನೆಯ ಮಕ್ಕಳು ಹಿರಿಯರಿಗೆ ಎದುರಾಡುವುದಿಲ್ಲ ಎಂದು ನೆಂಟರಿಷ್ಟರೆಲ್ಲ ಹೊಗಳುತ್ತಿದ್ದರು. ನಾನೂ ಅದನ್ನು ಬಿ.ಇಡಿ. ಪದವಿಗಿಂತ ದೊಡ್ಡ ಪ್ರಶಸ್ತಿಯೆಂದು ತಿಳಿದಿದ್ದೆ. ತರಗತಿಯಲ್ಲಿಯೂ ಅಷ್ಟೆ. ಕಪ್ಪುಹಲಗೆಯ ಮೇಲೆ ನಾನು ತಪ್ಪು ಬರೆದಾಗ ಎಷ್ಟು ಮಕ್ಕಳು ಕಂಡೂ ಸುಮ್ಮನಿದ್ದರೋ! ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ತಾಯಿಯೂ ಮಗನೂ ಸತ್ಯವನ್ನು ಬಲ್ಲವರಾಗಿದ್ದೂ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುವಾರ ಮತ್ತೆ ಬೆಂಗಳೂರು. ಬಿಚ್ಚಿದ ಪೆಟ್ಟಿಗೆಯನ್ನು ಪೂರ್ಣ ಬೆಲೆಗೆ ಹಿಂದಕ್ಕೆ ಪಡೆಯಲು ಅಂಗಡಿಯವರು ಒಪ್ಪಲಿಲ್ಲ, ಅದು ನ್ಯಾಯವೇ. ಮೂರು ಸಾವಿರ ಕಳೆದುಕೊಂಡು, ಮೇಲೆ ವ್ಯತ್ಯಾಸದ ಮೂರು ಸಾವಿರ ಕೊಟ್ಟು, ಎರಡು ಫ್ಯಾನಿನ ಗಿಡ್ಡ 4060 ತಂದೆವು. ಈ ಸಲ ಅಳತೆಪಟ್ಟಿ ನನ್ನ ಜೇಬಿನಲ್ಲಿತ್ತು. ಆದರೆ ಅಳೆದವನು ಅವನು. ಹಿಂದಿರುಗುವಾಗ ಬಸ್ಸಿನಲ್ಲಿ ಅವನೇ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿದ. ಹಳೆಯ ಕಾರ್ಡಿನ ಗರಿಷ್ಠ ಬಳಕೆ 170 ವ್ಯಾಟ್, ಹೊಸದರದು 115. ದಿನಕ್ಕೆ ಮೂರು ಗಂಟೆ ಆಡಿದರೆ ಆ 55 ವ್ಯಾಟಿನ ವ್ಯತ್ಯಾಸದಿಂದ ತಿಂಗಳಿಗೆ ಸುಮಾರು ಐದು ಯೂನಿಟ್ ಉಳಿತಾಯ. ಹಣಕ್ಕಿಂತ ಮುಖ್ಯವಾದದ್ದು ಶಾಖ. ಕಂಪ್ಯೂಟರು ಉಪಯೋಗಿಸುವ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವೇ ಆಗುತ್ತದೆ, ಇದು ನಾನೇ ಪಾಠ ಹೇಳಿದ ನಿಯಮ. ಹನ್ನೊಂದು ಲೀಟರಿನ ಡಬ್ಬಿಯಲ್ಲಿ ಆ ಶಾಖ ಹೊರಗೆ ಹೋಗಲು ದಾರಿ ಕಿರಿದು. "ಹನ್ನೆರಡು ಜಿಬಿ ಹೋಯಿತಲ್ಲೋ" ಎಂದೆ. "ಅದು ನಷ್ಟವೇ ತಾತ. ಚಿಕ್ಕದು ಬೇಕು ಅಂದಮೇಲೆ ಏನಾದರೂ ಬಿಡಬೇಕು" ಎಂದ.

ಯಂತ್ರ ಚಾಲೂ ಆದ ಮೇಲೂ ಕಲಿಯುವುದು ಮುಗಿಯಲಿಲ್ಲ. ಮನೆಗೆ 600 ವಿ.ಎ. ಯು.ಪಿ.ಎಸ್. ತಂದಾಗ ಅದು 600 ವ್ಯಾಟ್ ಅಲ್ಲ, 360 ಮಾತ್ರ ಎಂದು ಅದರ ಬೆನ್ನ ಮೇಲೆಯೇ ಬರೆದಿತ್ತು. ಇಡೀ ಕಂಪ್ಯೂಟರು ಭರದಿಂದ ದುಡಿಯುವಾಗಲೂ 250ರ ಆಸುಪಾಸು ಇರುವುದರಿಂದ ಸಾಕಾಯಿತು. ನಮ್ಮ ಟಿ.ವಿ. ಕ್ಷಣಕ್ಕೆ ಅರವತ್ತು ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಕಾರ್ಡು ನೂರಿಪ್ಪತ್ತು ಬಿಡಿಸಿದರೆ ಅರ್ಧ ಶ್ರಮ ವ್ಯರ್ಥ. ಅದಕ್ಕೆ ಅರವತ್ತಕ್ಕೆ ಮಿತಿ ಹಾಕಿದ. ಬೇಸಿಗೆಯಲ್ಲಿ ಫ್ಯಾನಿನ ಸದ್ದು ಗಣನೀಯವಾಗಿ ತಗ್ಗಿತು. ಅಡಿಕೆ ಸುಲಿಯುವ ದಿನಗಳಲ್ಲಿ ಊರೆಲ್ಲ ಸಿಪ್ಪೆಯ ನವಿರು ಧೂಳು. ತಿಂಗಳಿಗೊಮ್ಮೆ ಪೆಟ್ಟಿಗೆ ಬಿಚ್ಚಿ, ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆಹಿಡಿದು ಗಾಳಿ ಊದುವುದು ನನ್ನ ಪಾಲಿನ ಕೆಲಸ. ಅವನಿಲ್ಲದ ವಾರ ಆ ಸದ್ದು ಇಲ್ಲದೆ ಮನೆ ಬಿಕೋ ಎನ್ನುತ್ತದೆ ಎಂದು ಈಗ ನಮ್ಮ ಮನೆಯವರೇ ಹೇಳುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಗ ಅವನ ಪೆಟ್ಟಿಗೆಗೆ ತೊಂದರೆಯಾಗಲಿಲ್ಲ. ನಾನು ಇದನ್ನೆಲ್ಲ ಬರೆಯುವ 2014ರ ಹಳೆಯ ಕಂಪ್ಯೂಟರು ಮಾತ್ರ ಹೊಸ ವಿಂಡೋಸಿಗೆ ಅನರ್ಹವೆಂದಾಯಿತು. ಬಿಸಾಡೋಣವೆಂದೆ. ಅವನು ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಅಳವಡಿಸಿ, ನನಗೆ ರೂಢಿಯಾದ ಕ-ಗ-ಪ ಕೀಲಿಮಣೆಯನ್ನೂ ಹೊಂದಿಸಿಕೊಟ್ಟ. ಈ ಸಾಲುಗಳು ಅದರಲ್ಲಿಯೇ ಮೂಡುತ್ತಿವೆ.

ಕೊನೆಯದಾಗಿ ಒಂದು ಮಾತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಅವನ ಹುಟ್ಟುಹಬ್ಬಕ್ಕೆಂದು, ಹದಿನಾರು ಜಿಬಿಯನ್ನು ಮೂವತ್ತೆರಡು ಮಾಡಿಸಿಕೊಡುತ್ತೇನೆ ಎಂದು ನಾನಾಗಿಯೇ ಹೇಳಿದೆ. ಮಗಳೂ ಬಂದಿದ್ದಳು, ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗಾಗಿ ಚಿಪ್ಪುಗಳೆಲ್ಲ ಆ ಕಡೆಗೆ ಹೋಗಿ ಮೆಮೊರಿಯ ಬೆಲೆ ಎಲ್ಲೆಡೆ ವಿಪರೀತ ಏರಿದ್ದ ಸಮಯವದು. ನನಗೆ ಅದರ ಅರಿವಿರಲಿಲ್ಲ.

"ಬೇಡ ತಾತ. ಈಗ ಕೊಳ್ಳೋದು ತಪ್ಪು ಲೆಕ್ಕ" ಎಂದ ಮೊಮ್ಮಗ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸದೆ, ನನ್ನ ಮುಖ ಕೂಡ ನೋಡದೆ! "ಬೆಲೆ ಇಳಿಯೋವರೆಗೂ ಹದಿನಾರೇ ಸಾಕು. ಇರೋ ಎರಡು ಸ್ಥಾನ ತುಂಬಿವೆ, ಹಳೇದು ತೆಗೆದೇ ಹೊಸದು ಹಾಕಬೇಕು. ದುಡ್ಡು ಸುಮ್ಮನೆ ದಂಡ."

ಮಗಳು ನನ್ನ ಕಡೆ ನೋಡಿದಳು. ನಾನು ಏನು ಹೇಳುತ್ತೇನೋ ಎಂಬ ಹಳೆಯ ಅಳುಕು ಅವಳ ಕಣ್ಣಿನಲ್ಲಿ ಇನ್ನೂ ಸ್ವಲ್ಪ ಇತ್ತು. "ಸರಿಯಪ್ಪ, ನೀನು ಹೇಳಿದಂತೆಯೇ ಆಗಲಿ" ಎಂದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ಆ ದಿನಗಳಲ್ಲಿ ಕಪ್ಪುಹಲಗೆಯ ಮೇಲೆ ನನ್ನ ತಪ್ಪು ಕಂಡೂ ಸುಮ್ಮನಿದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈಗಲಾದರೂ ತಿಳಿಸಿ. ಅರ್ಧ ಅಂಕ ಕಳೆಯುವುದಿಲ್ಲ.